ಲ್ಯಾಬಿನ ಕಂಪ್ಯೂಟರುಗಳ ಸದ್ದು ನಿಂತರೆ ಮೊದಲು ಸ್ಕ್ರಿಪ್ಟ್ ನೋಡಿ

ಮಾನ್ಯರೇ,

ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಇರುವ ಕಂಪ್ಯೂಟರಿನಿಂದ ಸದ್ದು ಬಾರದಿದ್ದರೆ ‘ಸೌಂಡ್ ಕಾರ್ಡ್ ಹೋಗಿದೆ, ಮದರ್ ಬೋರ್ಡ್ ಬದಲಿಸಬೇಕು’ ಎಂದು ಚೀಟಿ ಬರೆದು ಹೋಗುವವರೇ ಹೆಚ್ಚು. ನಮ್ಮ ಪ್ರೌಢಶಾಲೆಗೂ ಅಂಥದೊಂದು ಚೀಟಿ ಸಿಕ್ಕಿತ್ತು. ಗಣಿತ ಪಾಠದ ಜೊತೆಗೆ ಲ್ಯಾಬಿನ ಉಸ್ತುವಾರಿಯೂ ನನ್ನದೇ. ಒಂದು ಬಿಡಿಭಾಗವನ್ನೂ ಬದಲಿಸದೆ ಈಗ ಅವೇ ಯಂತ್ರಗಳಲ್ಲಿ ಸದ್ದು ಬರುತ್ತಿದೆ. ದೋಷವಿದ್ದದ್ದು ಯಂತ್ರ ಆನ್ ಆಗುವಾಗ ತಾನಾಗಿ ಓಡುವ ಪುಟ್ಟ ಸ್ಕ್ರಿಪ್ಟಿನಲ್ಲಿ, ಅಂದರೆ ಆಜ್ಞೆಗಳ ಪಟ್ಟಿಯಲ್ಲಿ.

ಹಿಂದೆ ಯಾರೋ ‘ಆರ್‌ಸಿ ಡಾಟ್ ಲೋಕಲ್’ ಎಂಬ ಆ ಸ್ಕ್ರಿಪ್ಟಿನ ಕಡತದಲ್ಲಿ ಕೆಲವು ಸಾಲು ಸೇರಿಸಿದ್ದರು: ಐದು ಸೆಕೆಂಡ್ ಕಾಯಿ, ಸೊನ್ನೆ ನಂಬರಿನ ಕಾರ್ಡಿನ ಮ್ಯೂಟ್ ತೆಗೆ, ಸದ್ದನ್ನೆಲ್ಲ ಅಲ್ಲಿಗೇ ಕಳಿಸು. ಅಂದಿಗೆ ಅದು ಸರಿಯೇ ಇತ್ತು. ಆದರೆ ನಮ್ಮ ಯಂತ್ರಗಳಲ್ಲಿ ಸೌಂಡ್ ಕಾರ್ಡುಗಳು ಎರಡು. ಸ್ಪೀಕರಿನ ಪಿನ್ನಿಗೆ ಹೋಗುವುದರ ಹೆಸರು ಪಿಸಿಎಚ್, ಮಾನಿಟರಿನ ಕೇಬಲ್ಲಿಗೆ ಹೋಗುವುದರ ಹೆಸರು ಎಚ್‌ಡಿಎಂಐ. ಯಾವುದು ಮೊದಲು ಎದ್ದರೆ ಅದಕ್ಕೆ ಸೊನ್ನೆ ನಂಬರು. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಎಚ್‌ಡಿಎಂಐ ಮೊದಲು ಏಳತೊಡಗಿತು, ಸದ್ದೆಲ್ಲ ಸ್ಪೀಕರೇ ಇಲ್ಲದ ಮಾನಿಟರಿಗೆ ಹೋಯಿತು. ಆ ಕಾರ್ಡಿನಲ್ಲಿ ‘ಮಾಸ್ಟರ್’ ಎಂಬ ಮುಖ್ಯ ವಾಲ್ಯೂಮ್ ನಿಯಂತ್ರಣವೇ ಇಲ್ಲದ್ದರಿಂದ ಸ್ಕ್ರಿಪ್ಟ್ ದಿನವೂ ದೋಷ ವರದಿ ಮಾಡುತ್ತಿತ್ತು. ಯಂತ್ರ ಏಳುವ ಹೊತ್ತಿನ ಆ ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಸ ದಾಖಲಾತಿಯಾದರೆ ಹಾಜರಿ ಪುಸ್ತಕದಲ್ಲಿ ಕ್ರಮಸಂಖ್ಯೆ ಬದಲಾಗುತ್ತದೆ, ಹುಡುಗನ ಹೆಸರು ಬದಲಾಗುವುದಿಲ್ಲ. ಕಾರ್ಡನ್ನೂ ಹೆಸರಿನಿಂದಲೇ ಕರೆಯಬೇಕು.

ಇದನ್ನು ಫೋನಿನಲ್ಲೇ ಹೇಳಿಕೊಟ್ಟವನು ನಮ್ಮಲ್ಲೇ ಓದಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ. ‘ಮೇಡಂ, ಟರ್ಮಿನಲ್ ತೆರೆದು ಎಪ್ಲೇ ಮೈನಸ್ ಎಲ್ ಅಂತ ಹೊಡೀರಿ, ಏನೇನು ಬರುತ್ತೆ ಓದಿ’ ಎಂದ. ಅದು ಸೌಂಡ್ ಕಾರ್ಡುಗಳ ಪಟ್ಟಿ ಕೊಡುವ ಆಜ್ಞೆ. ಎರಡೂ ಕಾರ್ಡು ಪಟ್ಟಿಯಲ್ಲಿದ್ದವು. ಅಂದರೆ ಯಾವುದೂ ಸತ್ತಿರಲಿಲ್ಲ! ಸೊನ್ನೆ ಇದ್ದ ಕಡೆ ಪಿಸಿಎಚ್ ಎಂದು ಬರೆದೆವು. ಐದು ಸೆಕೆಂಡಿನ ಸಾಲನ್ನು ತೆಗೆದೆವು, ಏಕೆಂದರೆ ಹಳೆಯ ಹಾರ್ಡ್ ಡಿಸ್ಕಿನ ಯಂತ್ರಕ್ಕೆ ಅದು ಸಾಲದೆಯೂ ಹೋಗಬಹುದು. ಕಾರ್ಡ್ ಎದ್ದ ಕ್ಷಣದಲ್ಲೇ ಹಿಂದಿನ ದಿನದ ವಾಲ್ಯೂಮನ್ನು ಮರಳಿ ಕೂರಿಸುವ ಏರ್ಪಾಡು ಲಿನಕ್ಸಿನ ಧ್ವನಿ ವ್ಯವಸ್ಥೆಯಾದ ಅಲ್ಸಾದಲ್ಲೇ ಇದೆ. 2003ರ ಕೊನೆಯಲ್ಲಿ ಬಂದ 2.6 ಕರ್ನಲ್‌ನಿಂದ (ಕರ್ನಲ್ ಎಂದರೆ ಲಿನಕ್ಸಿನ ತಿರುಳು) ಲಿನಕ್ಸಿನ ಧ್ವನಿ ಡ್ರೈವರುಗಳು ಮುಖ್ಯವಾಗಿ ಅಲ್ಸಾದವೇ.

ಇಷ್ಟು ಸಣ್ಣ ವಿಷಯಕ್ಕೆ ಪತ್ರಿಕೆಗೆ ಬರೆಯಲು ಕಾರಣ ನಮ್ಮ ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಅವಳಿಗೆ ಕಣ್ಣು ಕಾಣದು. ಪರದೆಯಲ್ಲಿರುವುದನ್ನು ಓರ್ಕಾ ಎಂಬ ತಂತ್ರಾಂಶ ಓದಿ ಹೇಳುತ್ತದೆ, ಕನ್ನಡದ ದನಿ ಇ-ಸ್ಪೀಕ್‌ನದು. ಎರಡೂ ಉಚಿತ. ದನಿ ಯಂತ್ರದ್ದೇ, ಆದರೂ ಅವಳು ಅದಕ್ಕೆ ಒಗ್ಗಿಕೊಂಡು ನನಗಿಂತ ಬೇಗ ಕಡತ ಹುಡುಕುತ್ತಾಳೆ. ಸದ್ದು ನಿಂತರೆ ಉಳಿದ ಮಕ್ಕಳಿಗೆ ಒಂದು ವಿಡಿಯೊ ಪಾಠ ತಪ್ಪಬಹುದು. ಅವಳಿಗೆ ಕಂಪ್ಯೂಟರೇ ಇಲ್ಲ. ಲಾಗಿನ್ ಮಾಡುವುದಕ್ಕೂ ಪಕ್ಕದವರನ್ನು ಕೇಳಬೇಕು. ಬೋರ್ಡಿಗೆ ಹಣ ಮಂಜೂರಾಗುವವರೆಗೆ ಅವಳು ಸುಮ್ಮನೆ ಕೂತಿರಬೇಕಿತ್ತು ಎಂಬುದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ.

ಲ್ಯಾಬುಗಳ ನಿರ್ವಹಣೆಗೆ ಟೆಂಡರ್ ಕರೆಯುವವರಲ್ಲಿ ನನ್ನ ವಿನಂತಿ ಇಷ್ಟು. ‘ಹಾರ್ಡ್‌ವೇರ್ ದೋಷ’ ಎಂದು ಬರೆಯುವ ಮೊದಲು ಕಾರ್ಡ್ ಪಟ್ಟಿಯಲ್ಲಿ ಕಾಣುತ್ತಿದೆಯೇ, ಸ್ಪೀಕರ್ ಟೆಸ್ಟ್ ಮಾಡಿದಾಗ ಏನಾಯಿತು ಎಂಬುದನ್ನು ತಂತ್ರಜ್ಞರು ಲಿಖಿತವಾಗಿ ಕೊಡಲಿ. ಸ್ಟಾರ್ಟಪ್ ಕಡತಕ್ಕೆ ಏನೇ ಸೇರಿಸಿದರೂ ಅದರ ಒಂದು ಪ್ರತಿ ಲ್ಯಾಬಿನ ದಾಸ್ತಾನು ಪುಸ್ತಕದಲ್ಲಿರಲಿ. ಲಿನಕ್ಸ್ ಅಳಿಸಿ ಕದ್ದ ವಿಂಡೋಸ್ ಹಾಕಿಕೊಡುವುದನ್ನು ರಿಪೇರಿ ಎಂದು ಒಪ್ಪಿಕೊಳ್ಳಬೇಡಿ. ದೃಷ್ಟಿದೋಷವಿರುವ ಮಕ್ಕಳಿರುವ ಶಾಲೆಯಲ್ಲಿ ಸದ್ದಿನ ದೂರು ಬಂದರೆ, ಪರದೆ ಕೆಟ್ಟ ದೂರಿಗೆ ಎಷ್ಟು ಬೇಗ ಬರುತ್ತೀರೋ ಅಷ್ಟೇ ಬೇಗ ಬನ್ನಿ.

– ಪ್ರೌಢಶಾಲಾ ಗಣಿತ ಶಿಕ್ಷಕಿ, ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ