ಡೇಟಾಬೇಸ್ ಆರಿಸುವ ಮುನ್ನ ಕನ್ನಡದ ಹೆಸರೊಂದನ್ನು ತುಂಬಿ ನೋಡಿ

ಮಾನ್ಯ ಸಂಪಾದಕರೇ,

ದಾವಣಗೆರೆಯ ಮೆಕ್ಕೆಜೋಳದ ಮಂಡಿಯೊಂದಕ್ಕೆ ಲೆಕ್ಕದ ತಂತ್ರಾಂಶ ಬರೆದಾಗ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಹಳೆಯ ಆವೃತ್ತಿ ತಾನಾಗಿ ಕನ್ನಡ ಲಿಪಿಗೆ ಎಡೆಯಿಲ್ಲದ ಲ್ಯಾಟಿನ್-1 ಅಕ್ಷರವ್ಯವಸ್ಥೆಯನ್ನು ಹಿಡಿಯುತ್ತದೆಂಬುದನ್ನು ನಾನು ಗಮನಿಸದಿದ್ದುದರಿಂದ, ರೈತರ ಪಟ್ಟಿಯಲ್ಲಿ ‘ಹನುಮಂತಪ್ಪ’ ಎಂದಿರಬೇಕಾದಲ್ಲಿ ಬರೀ ಪ್ರಶ್ನೆಚಿಹ್ನೆಗಳು ಅಚ್ಚಾದವು. ತಪ್ಪು ನನ್ನದೇ, 8.0 ಆವೃತ್ತಿಯಿಂದ ಆ ತೊಡಕಿಲ್ಲ.

ನಮ್ಮೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಅಭ್ಯಾಸಬಲದಿಂದ ಮೈಎಸ್‌ಕ್ಯೂಎಲ್ಲನ್ನೇ ಆರಿಸುವುದುಂಟು. 2010ರಿಂದ ಅದು ಒರಾಕಲ್ ಕಂಪನಿಯ ಒಡೆತನದಲ್ಲಿದ್ದು, ಹಂಚುವವರು ಮೂಲ ಕೋಡನ್ನೂ ಕೊಡಬೇಕೆನ್ನುವ ಜಿಪಿಎಲ್ ಪರವಾನಗಿಯಡಿ ಬರುವುದರಿಂದ, ತಮ್ಮ ತಂತ್ರಾಂಶದೊಳಗೆ ಸೇರಿಸಿ ಮಾರುವವರು ಷರತ್ತುಗಳನ್ನು ಓದಲೇಬೇಕು. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೊಳೆತ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸಿಗೆ ಒಡೆಯನೆಂಬ ಕಂಪನಿಯಿಲ್ಲ, ಪರವಾನಗಿಯೂ ಸಡಿಲ. ನಾಲ್ಕು ಗುಮಾಸ್ತರು ಒಟ್ಟಿಗೆ ತೂಕದ ಚೀಟಿ ಬರೆಯುವ ಮಂಡಿಗೆ ನನ್ನ ಆಯ್ಕೆ ಅದೇ. ಒಂದೇ ಕಂಪ್ಯೂಟರಿನ ಅಂಗಡಿಗಾದರೆ, ಇಡೀ ದತ್ತಾಂಶವನ್ನು ಒಂದೇ ಕಡತದಲ್ಲಿಡುವ ಎಸ್‌ಕ್ಯೂಲೈಟ್ ಧಾರಾಳ ಸಾಕು.

– ಓದುಗ, ದಾವಣಗೆರೆ