ಮಾಥೇರಾನ್‌ಗೆ ಬರುವವರಿಗೆ: ತಲೆಗೊಂದೇ ಬ್ಯಾಗ್

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್‌ಗೆ ಹೋಗಲು ಶನಿವಾರ ಬೆಳಿಗ್ಗೆ ಡೊಂಬಿವಲಿಯಿಂದ ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿಯುತ್ತೇವೆ. ಅಲ್ಲಿಂದ ದಸ್ತೂರಿವರೆಗೆ ಶೇರ್ ಟ್ಯಾಕ್ಸಿ. ಕಾರು, ಬೈಕು ಎಲ್ಲ ಅಲ್ಲಿಗೇ ನಿಲ್ಲಬೇಕು. ಮುಂದೆ ಅಮನ್ ಲಾಡ್ಜ್ ನಿಲ್ದಾಣದಿಂದ ಪುಟಾಣಿ ರೈಲಿದೆ, 1907ರ ಹಳೇ ಮಾರ್ಗ. ಟಿಕೆಟ್ ಸಿಗದಿದ್ದರೆ ಪೇಟೆವರೆಗೆ ನಡಿಗೆಯೇ. ಅದಕ್ಕೇ ದಯವಿಟ್ಟು ಟ್ರಾಲಿ ಬೇಡ. ಹೋದ ಸಲ ನಾನು ಎಳೆದುಕೊಂಡು ಹೋಗಿದ್ದೆ. ಕೆಂಪು ಮಣ್ಣಿಗೆ ಚಕ್ರ ಕಚ್ಚಿಕೊಂಡು, ಕೊನೆಗೆ ತಲೆ ಮೇಲೆ ಹೊರಬೇಕಾಯಿತು. ನೋಡಿದವರೆಲ್ಲ ನಕ್ಕರು!

ಬೆನ್ನಿಗೆ ಹಾಕುವ ಬ್ಯಾಗ್ ಒಂದು. ಎರಡು ಜೊತೆ ಬಟ್ಟೆ, ಬೇಗ ಒಣಗುವಂಥದ್ದು. ಜೀನ್ಸ್ ಭಾರ, ನೆನೆದರೆ ಒಣಗುವುದೂ ಇಲ್ಲ. ಟವೆಲ್ ಬದಲು ತೆಳು ಪಂಚೆ ತನ್ನಿ, ಹೊದೆಯೋಕೂ ಆಗುತ್ತೆ. ಶೂ ಕಾಲಲ್ಲಿರಲಿ, ಚೀಲದಲ್ಲಿ ಬೇಡ. ಔಷಧಿ, ನೀರಿನ ಬಾಟಲಿ ಮರೆಯಬೇಡಿ. ಚಾರ್ಜರ್ ನಾಲ್ಕು ಜನಕ್ಕೆ ಒಂದು ಸಾಕು, ಯಾರು ತರುತ್ತೀರಿ ಅಂತ ಇಲ್ಲೇ ಹೇಳಿ.

ತಿಂಡಿ ಕೈಚೀಲದಲ್ಲಿ ಬೇಡ, ಕೋತಿಗಳು ಕಿತ್ತುಕೊಳ್ಳುತ್ತವೆ. ಚಕ್ಕುಲಿ ಡಬ್ಬಿ ತರುವ ಅಕ್ಕಂದಿರೇ, ಬ್ಯಾಗಿನೊಳಗೇ ಇಡಿ. ಅದನ್ನು ಮಾತ್ರ ಕಡಿಮೆ ಮಾಡಬೇಡಿ.