ಆಂಬ್ಯುಲೆನ್ಸ್ ಸಿಬ್ಬಂದಿಯ ವಿಶ್ರಾಂತಿ ಕೊಠಡಿಯ ಚಾವಣಿ ಸೋರುತ್ತಿದೆ: ದಾನಿಗಳಲ್ಲಿ ತುರ್ತು ಮನವಿ

ಮಾನ್ಯ ದಾನಿಗಳೇ, ಹಿತೈಷಿಗಳೇ,

ನಮ್ಮ ಟ್ರಸ್ಟಿನ ಕೆಲಸ ಏನೆಂದು ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಆಂಬ್ಯುಲೆನ್ಸ್ ಸಿಬ್ಬಂದಿಯ ವಿಶ್ರಾಂತಿ ಕೊಠಡಿಯೂ ಅದರ ಪಕ್ಕದ ಉಗ್ರಾಣವೂ ಎದ್ದದ್ದು ನಿಮ್ಮ ಕೊಡುಗೆಯಿಂದಲೇ. ಕಳೆದ ವಾರದ ಮಳೆಗೆ ಅದೇ ಚಾವಣಿ ಸೋರಿ, ನೀರೆಲ್ಲ ಚಾರ್ಜಿಂಗ್ ಕಪಾಟಿನ ಮೇಲೆ ಸುರಿಯಿತು. ರೋಗಿಯ ಗಂಟಲಲ್ಲಿ ಸಿಕ್ಕಿದ್ದನ್ನು ಹೀರಿ ತೆಗೆಯುವ ಸಕ್ಷನ್ ಯಂತ್ರಗಳ ಬ್ಯಾಟರಿಗಳು ಹಾಳಾದವು. ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರದ, ಎದೆಗೆ ಅಂಟಿಸುವ ಪ್ಯಾಡುಗಳಲ್ಲಿ ಸೀಲು ಗಟ್ಟಿಯಿದ್ದವು ಮಾತ್ರ ಉಳಿದವು. ಸೀಲು ಬಿಟ್ಟ ಪ್ಯಾಡಿನ ಜೆಲ್ ಒಣಗುತ್ತದೆ, ಎದೆಗೆ ಸರಿಯಾಗಿ ಅಂಟುವುದಿಲ್ಲ. ಆಗ ಶಾಕ್ ಹೃದಯಕ್ಕೆ ತಲುಪುವ ಬದಲು ಚರ್ಮವನ್ನು ಸುಡಬಹುದು. ಅಂಥವನ್ನು ಎತ್ತಿಡದೆ ಬಿಸಾಡಿದ್ದೇವೆ.

ತುರ್ತು ಸೇವೆಯವರನ್ನು ವೇದಿಕೆಗೆ ಕರೆದು ಪ್ರಶಸ್ತಿಪತ್ರ ಕೊಡುವುದು ಒಳ್ಳೆಯದೇ. ನಾವೂ ಕೊಟ್ಟಿದ್ದೇವೆ, ಆ ಸಮಾರಂಭಗಳ ಬಗ್ಗೆ ನಮಗೆ ಹೆಮ್ಮೆಯಿದೆ. ಆದರೆ ಅವರ ಬೆನ್ನು, ರಕ್ತ, ನಿದ್ದೆ ಈ ಮೂರನ್ನು ಕಾಪಾಡುವುದೇ ನಿಜವಾದ ಗೌರವ ಎಂಬುದು ನಮ್ಮ ಗಟ್ಟಿ ನಂಬಿಕೆ.

ಬೆನ್ನಿನ ಮಾತು ಮೊದಲು. 80 ಕಿಲೋ ತೂಕದ ರೋಗಿ, 40 ಕಿಲೋ ಸ್ಟ್ರೆಚರ್, ಎತ್ತಲು ಇಬ್ಬರು: ಒಬ್ಬೊಬ್ಬರ ಪಾಲಿಗೆ 60 ಕಿಲೋ. ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎನ್ನುವುದು ಔದ್ಯೋಗಿಕ ಆರೋಗ್ಯ ತಜ್ಞರ ಶಿಫಾರಸು. ಇಕ್ಕಟ್ಟಾದ ಮೆಟ್ಟಿಲಲ್ಲಿ ಮೈ ತಿರುಚಿಕೊಂಡು, ಹಿಂದೆ ಹಿಂದೆ ಇಳಿಯುತ್ತಾ ಹೊತ್ತರಂತೂ ಸೊಂಟದ ಡಿಸ್ಕಿಗೆ ಪೆಟ್ಟು. ಒಮ್ಮೆ ಜಾರಿದ ಡಿಸ್ಕು ಅನುಭವಿ ಕೈಯೊಂದನ್ನು ಕೆಲಸದಿಂದಲೇ ಬಿಡಿಸಿಬಿಡುತ್ತದೆ. ರೋಗಿಯನ್ನು ಕೂರಿಸಿ ಇಳಿಸುವ, ಹಿಂಬದಿಯಲ್ಲಿ ರಬ್ಬರ್ ಬೆಲ್ಟಿನ ಪಟ್ಟಿಯಿರುವ ಮೆಟ್ಟಿಲು ಕುರ್ಚಿಯಾದರೆ ಮೆಟ್ಟಿಲಂಚನ್ನು ಹಿಡಿದುಕೊಂಡೇ ಜಾರುತ್ತದೆ. ಹೊರುವುದು ತಪ್ಪಿ, ಹಿಡಿತ ಕಾಯ್ದುಕೊಂಡರೆ ಸಾಕಾಗುತ್ತದೆ. ಹಾಸಿಗೆಯಿಂದ ಸ್ಟ್ರೆಚರಿಗೆ ದಾಟಿಸಲು ಜಾರು ಹಾಳೆ ಇನ್ನೂ ಅಗ್ಗದ ಉಪಾಯ. ನಮ್ಮ ಮೊದಲ ಮೆಟ್ಟಿಲು ಕುರ್ಚಿ ನಿಮ್ಮ ದುಡ್ಡಿನಲ್ಲೇ ಬಂದದ್ದು. ಅದು ಇಂದಿಗೂ ಓಡುತ್ತಿದೆ, ಬೆಲ್ಟು ಮಾತ್ರ ಸವೆದಿದೆ.

ಇನ್ನು ರಕ್ತ. ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕಾದ ಹೆಪಟೈಟಿಸ್ ಬಿಗೆ ಲಸಿಕೆ ಮೂರು ಡೋಸು: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಹೊಸದಾಗಿ ಸೇರಿದವರ ಮೂರನೇ ಡೋಸು ಈಗ ಬಾಕಿಯಿದೆ. ಲಸಿಕೆ ಹಾಕಿಸಿ ಕೈತೊಳೆದುಕೊಂಡರೆ ಆಗದು. ಕೊನೆಯ ಡೋಸಾದ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷಿಸಿ ರಕ್ಷಣೆ ಬಂದಿದೆಯೇ ನೋಡಲೇಬೇಕು, ಏಕೆಂದರೆ ಕೆಲವರಿಗೆ ಬರುವುದಿಲ್ಲ. ಬಳಸಿದ ಸೂಜಿಯ ಡಬ್ಬವನ್ನು ಮುಕ್ಕಾಲು ತುಂಬುತ್ತಿದ್ದಂತೆ ಬದಲಿಸಬೇಕು. ಡಬ್ಬ ಸಾಲದೆ ಇನ್ನಷ್ಟು ತುರುಕುವಾಗಲೇ ಸೂಜಿ ಚುಚ್ಚುವುದು. ಚುಚ್ಚಿದರೆ ಹಿಂಡದೆ, ಸೋಪು ನೀರಲ್ಲಿ ತೊಳೆದು, ಕೂಡಲೇ ವೈದ್ಯರ ಬಳಿ ಹೋಗಬೇಕು. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆ ದಾಟಿದರೆ ಉಪಯೋಗಕ್ಕಿಲ್ಲ, ಮೊದಲ ಕೆಲವು ಗಂಟೆಯೊಳಗೇ ಶುರುವಾದರೆ ಒಳ್ಳೆಯದು.

ವಿಶ್ರಾಂತಿ ಕೊಠಡಿಯನ್ನು ಐಷಾರಾಮವೆಂದು ಕೆಲವರು ಭಾವಿಸುತ್ತಾರೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯವಿದ್ದವರಷ್ಟೇ ಕುಗ್ಗಿರುತ್ತದೆ. ಅಂಥ ಸ್ಥಿತಿಯಲ್ಲಿ ಅವರು ವಾಹನ ಓಡಿಸಬೇಕು, ಔಷಧದ ಪ್ರಮಾಣ ಲೆಕ್ಕ ಹಾಕಬೇಕು. ಹೃದಯ ನಿಂತವರ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ತೋಳು ಸೋತು ಆಳ ಕಡಿಮೆಯಾಗುವುದರಿಂದಲೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸುವ ನಿಯಮವಿರುವುದು. ಕತ್ತಲೆ ಕೋಣೆಯಲ್ಲಿ 20 ನಿಮಿಷದ ಕಣ್ಮುಚ್ಚು ಅವರಿಗೆ ಎಷ್ಟು ಮುಖ್ಯ ಎಂಬುದನ್ನು ನೀವೇ ಊಹಿಸಿ. ಸೋರುವ ಕೊಠಡಿಯಲ್ಲಿ ಈಗ ಅವರು ಕುರ್ಚಿಯಲ್ಲಿ ಕೂತೇ ತೂಕಡಿಸುತ್ತಿದ್ದಾರೆ.

ಈಗ ಬೇಕಿರುವುದು: ಚಾವಣಿಯ ದುರಸ್ತಿ, ಸಕ್ಷನ್ ಬ್ಯಾಟರಿಗಳು, ಎರಡು ಮೆಟ್ಟಿಲು ಕುರ್ಚಿ ಮತ್ತು ಹಳೆಯದಕ್ಕೆ ಬೆಲ್ಟು, ಲಸಿಕೆ. ಒಟ್ಟು ಖರ್ಚಿನಲ್ಲಿ ಅರ್ಧದಷ್ಟು ಚಾವಣಿಗೇ ಹೋಗುತ್ತದೆ, ಉಳಿದದ್ದರಲ್ಲಿ ಕುರ್ಚಿಗಳದು ದೊಡ್ಡ ಪಾಲು. ದುರಸ್ತಿಯವರು ಕೊಟ್ಟ ಗಡುವು ಈ ತಿಂಗಳ ಕೊನೆ. ನಾವು ಮುಂಗಡ ಕೊಡದಿದ್ದರೆ ಅವರು ಬೇರೆ ಕೆಲಸ ಹಿಡಿಯುತ್ತಾರೆ.

ವಸ್ತು ರೂಪದಲ್ಲಿ ಕೊಡುವವರಲ್ಲಿ ಒಂದು ವಿನಂತಿ. ಪ್ಯಾಡುಗಳನ್ನು ಕೊಳ್ಳುವ ಮುನ್ನ ನಮ್ಮ ಯಂತ್ರದ ಮಾದರಿ ಕೇಳಿ ತಿಳಿದುಕೊಳ್ಳಿ, ಬೇರೆ ಮಾದರಿಯವು ಕೂರುವುದಿಲ್ಲ. ಅವಧಿಯ ದಿನಾಂಕವನ್ನೂ ನೋಡಿ. ಬಳಸಿದ ಸಕ್ಷನ್ ಯಂತ್ರವಾದರೆ ಮೋಟಾರು ಚಾಲೂ ಮಾಡಿ, ಕೊಳವೆಯನ್ನು ಬೆರಳಲ್ಲಿ ಮಡಚಿ ಹಿಡಿಯಿರಿ. ಎಳೆತ ತೋರಿಸುವ ಮಾಪಕದ ಮುಳ್ಳು 300 (ಮಿಲಿಮೀಟರ್ ಪಾದರಸ) ದಾಟಿದರೆ ಮಾತ್ರ ತನ್ನಿ. ಅದಕ್ಕಿಂತ ಕಡಿಮೆ ಎಳೆತದ ಯಂತ್ರದಿಂದ ಗಂಟಲಲ್ಲಿ ಸಿಕ್ಕಿದ ವಾಂತಿಯನ್ನು ಸರಿಯಾಗಿ ತೆಗೆಯಲಾಗದು.

ನಗದು ಕೊಟ್ಟವರು ರಸೀದಿ ಕೇಳಿ ಪಡೆಯಿರಿ.

ಇಂತಿ ನಿಮ್ಮ,
ಟ್ರಸ್ಟಿಗಳು